ಆಪರೇಷನ್‌ಗೆ ಮುಂಚೆನೇ "ಟ್ಯೂಬ್ ಹಾಕೋದು ಕಷ್ಟ ಆಗಬಹುದು" ಅಂತ ಬರೆದಿದ್ದಾರೆ, ಇದನ್ನ ಎಷ್ಟು ನಂಬೋದು?

ಮಲ್ಲಿಗೆಬಳ್ಳಿ:

ಎಲ್ರಿಗೂ ನಮಸ್ಕಾರ. ನಮ್ಮಮ್ಮಂಗೆ 58 ವರ್ಷ, ಪಿತ್ತಕೋಶದಲ್ಲಿ ಕಲ್ಲಿದೆ, ಮುಂದಿನ ವಾರ ಲ್ಯಾಪರೋಸ್ಕೋಪಿಲಿ ತೆಗೀತಾರೆ. ಸರ್ಜನ್ ಎಲ್ಲಾ ಬಿಡಿಸಿ ಹೇಳಿದ್ರು, ಆಪರೇಷನ್ ಬಗ್ಗೆ ನಮಗೆ ಅಷ್ಟು ಭಯ ಇಲ್ಲ. ಆದ್ರೆ ನಿನ್ನೆ ಅನಸ್ತೇಷಿಯಾ ಫಿಟ್ನೆಸ್‌ಗೆ ಅಂತ ಕಳಿಸಿದ್ರು, ಅಲ್ಲಿಂದ ಬಂದ ಮೇಲೆ ನಿದ್ದೆನೇ ಇಲ್ಲ. ಆ ಡಾಕ್ಟ್ರು ಅಮ್ಮನ್ನ ನೇರ ಕೂರಿಸಿ ಬಾಯಿ ಪೂರ್ತಿ ತೆಗೆಸಿ ನಾಲಿಗೆ ಹೊರಗೆ ಹಾಕಿಸಿ ಟಾರ್ಚ್ ಬಿಟ್ಟು ನೋಡಿದ್ರು, ಕೆಳಗಿನ ಹಲ್ಲಲ್ಲಿ ಮೇಲ್ತುಟಿ ಕಚ್ಚಿ ಅಂದ್ರು, ತಲೆ ಹಿಂದಕ್ಕೆ ಎಷ್ಟು ಬಾಗತ್ತೆ ನೋಡಿದ್ರು, ಗದ್ದದಿಂದ ಗಂಟಲಿನ ಗಂಟಿನವರೆಗೆ ಸ್ಕೇಲ್ ಇಟ್ಟು ಅಳೆದ್ರು, ಕುತ್ತಿಗೆ ಸುತ್ತ ಟೇಪ್ ಹಾಕಿದ್ರು, ಆಮೇಲೆ ನಮಸ್ಕಾರ ಮಾಡೋ ಥರ ಕೈ ಜೋಡಿಸಿ ಅಂದ್ರು. ಗೊರಕೆ ಹೊಡೀತಾರಾ, ಕಟ್ಟಿಸಿದ ಹಲ್ಲಿದೆಯಾ, ಯಾವ್ದಾದ್ರೂ ಹಲ್ಲು ಅಲ್ಲಾಡತ್ತಾ ಅಂತೆಲ್ಲ ಕೇಳಿದ್ರು. ಅಮ್ಮಂಗೆ ಶುಗರ್ ಇದೆ ಹದಿನೈದು ವರ್ಷದಿಂದ, ಸ್ವಲ್ಪ ದಪ್ಪ ಇದ್ದಾರೆ, ಗೊರಕೆನೂ ಹೌದು.

ಕೊನೆಗೆ ಫೈಲಲ್ಲಿ "ಎಂಪಿಜಿ 3, ಟಿಎಂಡಿ 5.5, ಆಂಟಿಸಿಪೇಟೆಡ್ ಡಿಫಿಕಲ್ಟ್ ಏರ್‌ವೇ" ಅಂತ ಬರೆದು, ಉಸಿರಿನ ಟ್ಯೂಬ್ ಹಾಕೋದು ಸ್ವಲ್ಪ ಕಷ್ಟ ಆಗಬಹುದು, ನಾವು ರೆಡಿ ಇರ್ತೀವಿ, ಬೇಕಾದ್ರೆ ಎಚ್ಚರ ಇದ್ದಾಗ್ಲೇ ಹಾಕಬೇಕಾಗಬಹುದು ಅಂದ್ರು. ಹೊರಗೆ ಇನ್ನೂ ತುಂಬ ಜನ ಕಾಯ್ತಿದ್ರು ಅದಕ್ಕೆ ಜಾಸ್ತಿ ಕೇಳೋಕಾಗ್ಲಿಲ್ಲ. ಅಮ್ಮಂಗೆ ಹಿಂದೆ ಗರ್ಭಕೋಶದ ಆಪರೇಷನ್ ಆದಾಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರು, ಆಗ ಟ್ಯೂಬ್ ಮಾತೇ ಬಂದಿರ್ಲಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಬಾಯಿ ನೋಡಿ ತುಟಿ ಕಚ್ಚಿಸಿ ಇದನ್ನ ಹೇಗೆ ಕಂಡುಹಿಡೀತಾರೆ, ಹೇಳಿದ್ದು ಎಷ್ಟು ಮಟ್ಟಿಗೆ ನಿಜ ಆಗತ್ತೆ, ಕಷ್ಟ ಅಂತ ಗೊತ್ತಿದ್ದೂ ಆಪರೇಷನ್ ಮಾಡಿಸೋದು ಸರಿನಾ? ಗೊತ್ತಿರೋರು ದಯವಿಟ್ಟು ಹೇಳಿ.

ನಿದ್ದೆಡಾಕ್ಟರ್:

ಮೇಡಂ, ನಾನು ಅನಸ್ತೇಷಿಯಾದಲ್ಲೇ ಇರೋದು. ಮೊದಲು ಒಂದು ಮಾತು, ನಿಮ್ಮ ತಾಯಿನ ನೋಡಿದ ಡಾಕ್ಟ್ರು ಕೆಲಸ ಚೆನ್ನಾಗಿ ಮಾಡಿದಾರೆ. ಬಾಯಿ ಒಂದು ಸಲ ನೋಡಿ "ಫಿಟ್" ಅಂತ ಸೀಲ್ ಒತ್ತಿ ಕಳಿಸೋದು ಬಹಳ ಸುಲಭ. ಇವರು ಅಷ್ಟೊಂದು ನೋಡಿದಾರೆ, ಅಳೆದಿದಾರೆ, ಬರೆದಿಟ್ಟಿದಾರೆ, ನಿಮಗೂ ಹೇಳಿದಾರೆ.

ಇದೆಲ್ಲ ಯಾಕೆ ಅಂದ್ರೆ, ಪೂರ್ತಿ ಅನಸ್ತೇಷಿಯಾ ಕೊಟ್ಟು ಸ್ನಾಯು ಸಡಿಲ ಮಾಡೋ ಔಷಧಿ ಹಾಕಿದ ಮೇಲೆ ಪೇಷೆಂಟ್ ತಾನಾಗಿ ಉಸಿರಾಡಲ್ಲ, ಆ ಕೆಲಸ ನಮ್ಮ ಕೈಗೆ ಬರತ್ತೆ. ಲ್ಯಾರಿಂಗೋಸ್ಕೋಪ್ ಅನ್ನೋ ಲೋಹದ ಬ್ಲೇಡನ್ನ ಬಾಯೊಳಗೆ ಇಟ್ಟು ನಾಲಿಗೆನ ಪಕ್ಕಕ್ಕೆ ಸರಿಸಿ ಎತ್ತಿದಾಗ ಧ್ವನಿತಂತುಗಳು ಕಣ್ಣಿಗೆ ಕಾಣಬೇಕು, ಅವುಗಳ ಮಧ್ಯದಿಂದ ಟ್ಯೂಬ್ ಶ್ವಾಸನಾಳಕ್ಕೆ ಹೋಗಬೇಕು. ಇದು ಸಲೀಸಾಗಿ ಆಗೋಕೆ ಬಾಯಿ ಸಾಕಷ್ಟು ತೆರೀಬೇಕು, ಕೆಳದವಡೆ ಮುಂದಕ್ಕೆ ಬರಬೇಕು, ನಾಲಿಗೆನ ಒತ್ತಿ ಸರಿಸೋಕೆ ಗದ್ದದ ಕೆಳಗೆ ಜಾಗ ಇರಬೇಕು, ಕತ್ತು ಹಿಂದಕ್ಕೆ ಬಾಗಬೇಕು. ನಿಮ್ಮ ತಾಯಿಗೆ ಮಾಡಿಸಿದ ಒಂದೊಂದು ಪರೀಕ್ಷೆನೂ ಇದರಲ್ಲಿ ಒಂದೊಂದನ್ನ ನೋಡೋದಕ್ಕೆ.

ಎಂಪಿಜಿ ಅಂದ್ರೆ ಮಲ್ಲಂಪಾಟಿ ಗ್ರೇಡ್. ಬಾಸ್ಟನ್‌ನಲ್ಲಿದ್ದ ಡಾ. ಮಲ್ಲಂಪಾಟಿ ಮತ್ತು ಜೊತೆಯವರು 1985ರಲ್ಲಿ ಇದನ್ನ ಪ್ರಕಟಿಸಿದ್ರು, ಆಗ ಮೂರೇ ದರ್ಜೆ ಇತ್ತು, 1987ರಲ್ಲಿ ಸ್ಯಾಮ್ಸೂನ್ ಮತ್ತು ಯಂಗ್ ಅನ್ನೋರು ನಾಲ್ಕನೇದನ್ನ ಸೇರಿಸಿದ್ರು. ಬಾಯಿ ತೆಗೆದು ನಾಲಿಗೆ ಚಾಚಿದಾಗ ಕಿರುನಾಲಿಗೆ ಪೂರ್ತಿ, ಅದರ ಎರಡೂ ಪಕ್ಕದ ಕಂಬಗಳೂ ಕಂಡ್ರೆ ಒಂದು. ಕಂಬ ಮರೆಯಾಗಿ ಕಿರುನಾಲಿಗೆ ಕಂಡ್ರೆ ಎರಡು. ಕಿರುನಾಲಿಗೆ ಬುಡ ಮಾತ್ರ ಕಂಡ್ರೆ ಮೂರು. ಮೆತ್ತನೆ ಅಂಗುಳೂ ಕಾಣದೆ ಬರೀ ಗಟ್ಟಿ ಅಂಗುಳು ಕಂಡ್ರೆ ನಾಲ್ಕು. ಅಂದ್ರೆ ಬಾಯಿ ಅನ್ನೋ ಜಾಗಕ್ಕೆ ನಾಲಿಗೆ ಎಷ್ಟು ದೊಡ್ಡದು ಅನ್ನೋ ಅಂದಾಜು. ಇದನ್ನ ಕೂರಿಸಿ, ತಲೆ ನೇರ ಇಟ್ಟು, "ಆ" ಅನ್ನಿಸದೆ ನೋಡಬೇಕು, ಯಾಕಂದ್ರೆ ಆ ಅಂದ ತಕ್ಷಣ ಅಂಗುಳು ಮೇಲಕ್ಕೆ ಹೋಗಿ ಮೂರು ಇರೋದು ಎರಡು ಥರ ಕಾಣತ್ತೆ. ತುಂಬ ಕಡೆ ಪೇಷೆಂಟ್‌ನ ಮಲಗಿಸೇ ಆ ಅನ್ನಿಸಿ ಗ್ರೇಡ್ ಬರೀತಾರೆ, ಆ ಗ್ರೇಡನ್ನ ನಾನು ನಂಬಲ್ಲ.

ಟಿಎಂಡಿ ಅಂದ್ರೆ ತಲೆ ಪೂರ್ತಿ ಹಿಂದಕ್ಕೆ ಬಾಗಿಸಿದಾಗ ಗದ್ದದ ತುದಿಯಿಂದ ಥೈರಾಯ್ಡ್ ಮೃದ್ವಸ್ಥಿಯ (ಗಂಟಲಿನ ಗಂಟು) ಮೇಲಿನ ಕಚ್ಚಿನವರೆಗಿನ ದೂರ. ಆರೂವರೆ ಸೆಂಟಿಮೀಟರ್ ಮೇಲಿದ್ರೆ ನೆಮ್ಮದಿ, ಆರಕ್ಕಿಂತ ಕಮ್ಮಿ ಅಂದ್ರೆ ನಾಲಿಗೆನ ಸರಿಸೋಕೆ ಜಾಗ ಸಾಲದೆ ಹೋಗಬಹುದು. ಬಾಯಿ ತೆರೆದಾಗ ಮೇಲಿನ ಕೆಳಗಿನ ಹಲ್ಲಿನ ಮಧ್ಯೆ ಮೂರು ಸೆಂಟಿಮೀಟರ್ ಆದ್ರೂ ಬೇಕು. ತುಟಿ ಕಚ್ಚಿಸೋದು ಕೆಳದವಡೆ ಎಷ್ಟು ಮುಂದೆ ಬರತ್ತೆ ಅಂತ ನೋಡೋಕೆ, 2003ರಲ್ಲಿ ಬಂದ ಪರೀಕ್ಷೆ. ಕೆಳಹಲ್ಲು ಮೇಲ್ತುಟಿನ ಮುಟ್ಟೋಕೇ ಆಗ್ಲಿಲ್ಲ ಅಂದ್ರೆ ಎಚ್ಚರಿಕೆ.

ಕೈ ಜೋಡಿಸಿ ಅಂದಿದ್ದು ಶುಗರ್ ಇರೋದ್ರಿಂದ. ತುಂಬ ವರ್ಷದ ಸಕ್ಕರೆ ಕಾಯಿಲೆಲಿ ಕೀಲುಗಳ ಸುತ್ತಲಿನ ಅಂಗಾಂಶ ಬಿಗಿಯಾಗತ್ತೆ, ಬೆರಳು ಪೂರ್ತಿ ನೆಟ್ಟಗಾಗದೆ ಎರಡು ಅಂಗೈ ಮಧ್ಯೆ ಸಂದು ಉಳಿಯತ್ತೆ. ಕೈಬೆರಳಲ್ಲಿ ಆದದ್ದು ತಲೆಬುರುಡೆ ಮತ್ತು ಕತ್ತಿನ ಮೊದಲ ಮೂಳೆ ಸೇರೋ ಕೀಲಲ್ಲೂ ಆಗಿರಬಹುದು, ಆಗ ತಲೆ ಹಿಂದಕ್ಕೆ ಬಾಗೋದು ಕಮ್ಮಿ.

ಇನ್ನೊಂದು, ಇದನ್ನ ಜನ ಮರೀತಾರೆ. ಟ್ಯೂಬ್ ಹೋಗದೇ ಇದ್ರೂ ಮಾಸ್ಕ್ ಇಟ್ಟು ಆಕ್ಸಿಜನ್ ಕೊಡೋಕೆ ಆದ್ರೆ ಪೇಷೆಂಟ್ ಸುರಕ್ಷಿತ. ಅದಕ್ಕೇ ಗೊರಕೆ, ಹಲ್ಲು ಬಗ್ಗೆ ಕೇಳಿದ್ದು. 2000ದಲ್ಲಿ ಫ್ರಾನ್ಸ್‌ನಿಂದ ಬಂದ ಒಂದು ಅಧ್ಯಯನದಲ್ಲಿ ಮಾಸ್ಕ್ ಕಷ್ಟ ಆಗಿದ್ದು ಸುಮಾರು 5% ಜನರಲ್ಲಿ, ಅದಕ್ಕೆ ಸೂಚನೆ ಕೊಟ್ಟಿದ್ದು ಐದು: ವಯಸ್ಸು 55 ದಾಟಿರೋದು, ಬಿಎಂಐ 26 ಮೇಲಿರೋದು, ಗಡ್ಡ, ಗೊರಕೆ, ಹಲ್ಲಿಲ್ಲದಿರೋದು. ಬೊಚ್ಚು ಬಾಯಿಯವರಿಗೆ ಟ್ಯೂಬ್ ಹಾಕೋದು ಸಾಮಾನ್ಯವಾಗಿ ಸುಲಭ, ಆದ್ರೆ ಕೆನ್ನೆ ಒಳಗೆ ಹೋಗಿರೋದ್ರಿಂದ ಮಾಸ್ಕ್ ಸರಿಯಾಗಿ ಕೂರಲ್ಲ.

ಪೀಜಿ‌ಎರಡನೇವರ್ಷ:

ಸರ್ ಹೇಳಿದ್ದು ಸರಿ, ಆದ್ರೆ ನಾನು ಇದರಲ್ಲಿ ಒಂದು ವಿಷಯ ಎತ್ತಲೇಬೇಕು. ಈ ಪರೀಕ್ಷೆಗಳ ಲೆಕ್ಕ ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗತ್ತೆ. ಡೆನ್ಮಾರ್ಕ್‌ನವರು ತಮ್ಮ ದೇಶದ ಅನಸ್ತೇಷಿಯಾ ಡೇಟಾಬೇಸ್‌ನಿಂದ 1,88,064 ಪೇಷೆಂಟ್‌ಗಳ ದಾಖಲೆ ತೆಗೆದು 2015ರಲ್ಲಿ ಹಾಕಿದ್ರು. ಇಂಟುಬೇಶನ್ (ಟ್ಯೂಬ್ ಹಾಕೋದು) ಕಷ್ಟ ಆದ ಕೇಸ್‌ಗಳಲ್ಲಿ 93% ಮೊದಲೇ ಊಹಿಸಿರ್ಲೇ ಇಲ್ಲ. ಕಷ್ಟ ಆಗತ್ತೆ ಅಂತ ಬರೆದಿದ್ದ ಕೇಸ್‌ಗಳಲ್ಲಿ ನಿಜಕ್ಕೂ ಕಷ್ಟ ಆಗಿದ್ದು 25% ಮಾತ್ರ. 2018ರ ಕಾಕ್ರೇನ್ ವಿಮರ್ಶೆ (ಬೇರೆ ಬೇರೆ ಅಧ್ಯಯನ ಒಟ್ಟು ಮಾಡಿ ತೂಗಿ ನೋಡೋ ವರದಿ) 133 ಅಧ್ಯಯನ, ಎಂಟು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿ ನೋಡ್ತು, ಅದರಲ್ಲಿ ಲ್ಯಾರಿಂಗೋಸ್ಕೋಪಿ ಕಷ್ಟ ಆಗೋರನ್ನ ಹಿಡಿಯೋದ್ರಲ್ಲಿ ಎಲ್ಲಕ್ಕಿಂತ ಮುಂದಿದ್ದ ತುಟಿ ಕಚ್ಚೋ ಪರೀಕ್ಷೆಗೇ 67%, ಮಲ್ಲಂಪಾಟಿಗೆ 53%. ಹೆಚ್ಚುಕಮ್ಮಿ ಅರ್ಧ ಜನ ತಪ್ಪಿಸಿಕೊಂಡು ಹೋಗ್ತಾರೆ.

ಎಕ್ಸಾಮ್‌ನಲ್ಲಿ ಲೆಮನ್, ವಿಲ್ಸನ್ ಸ್ಕೋರ್, ಎಲ್-ಗಂಜೂರಿ ಇಂಡೆಕ್ಸ್ ಎಲ್ಲಾ ಬಾಯಿಪಾಠ ಮಾಡಿ ಬರೀತೀವಿ, ಬೆಡ್ ಪಕ್ಕ ನಿಂತು ಅಳೀತೀವಿ, ಆಮೇಲೆ ಮಲ್ಲಂಪಾಟಿ ಒಂದು ಇರೋರಲ್ಲಿ ಬ್ಲೇಡ್ ಹಾಕಿದಾಗ ಎಪಿಗ್ಲಾಟಿಸ್ (ಧ್ವನಿತಂತುಗಳ ಮೇಲಿರೋ ಮುಚ್ಚಳ) ಬಿಟ್ಟು ಏನೂ ಕಾಣಲ್ಲ. ಹಾಗಿರುವಾಗ ಈ ಮೇಡಂಗೆ "ನಂಬಬಹುದು" ಅಂತ ಹೇಳೋದು ಹೇಗೆ? ಎಲ್ರಿಗೂ ಮೊದಲಿಂದ್ಲೇ ವಿಡಿಯೋ ಲ್ಯಾರಿಂಗೋಸ್ಕೋಪ್ (ಬ್ಲೇಡ್ ತುದೀಲಿ ಕ್ಯಾಮೆರಾ ಇರೋದು) ಇಟ್ಕೊಂಡ್ರೆ ಮುಗೀತಲ್ವಾ? 2022ರ ಕಾಕ್ರೇನ್ ವಿಮರ್ಶೆಲೂ ಅದ್ರಲ್ಲಿ ಫೇಲ್ ಆಗೋದು ಕಮ್ಮಿ ಅಂತಾನೇ ಬಂದಿದೆ.

ನಿದ್ದೆಡಾಕ್ಟರ್:

ಒಳ್ಳೆ ಪ್ರಶ್ನೆ ಎತ್ತಿದೀರಿ, ಮಲ್ಲಿಗೆಬಳ್ಳಿ ಮೇಡಂಗೂ ಇದರಲ್ಲೇ ಉತ್ತರ ಇದೆ, ಸ್ವಲ್ಪ ಲೆಕ್ಕ ಮಾಡಿ ತೋರಿಸ್ತೀನಿ.

2005ರಲ್ಲಿ 35 ಅಧ್ಯಯನ, ಐವತ್ತು ಸಾವಿರಕ್ಕೂ ಹೆಚ್ಚು ಪೇಷೆಂಟ್‌ಗಳನ್ನ ಸೇರಿಸಿ ಒಂದು ವಿಶ್ಲೇಷಣೆ ಬಂತು. ನೋಡೋಕೆ ಏನೂ ತೊಂದರೆ ಇಲ್ಲದವರಲ್ಲಿ ಇಂಟುಬೇಶನ್ ಕಷ್ಟ ಆಗಿದ್ದು 5.8%. ಮಲ್ಲಂಪಾಟಿ ಒಂದೇ ನೋಡಿದ್ರೆ ಕಷ್ಟ ಇರೋರಲ್ಲಿ 49% ಸಿಗ್ತಾರೆ, ಸುಲಭ ಇರೋರಲ್ಲಿ 86% ಸುಲಭ ಅಂತ ಸರಿಯಾಗಿ ಬರತ್ತೆ. ಈಗ ಸಾವಿರ ಜನ ತಗೊಳ್ಳಿ. ಕಷ್ಟ ಇರೋರು ಸುಮಾರು 60. ಅದರಲ್ಲಿ ಪರೀಕ್ಷೆಗೆ ಸಿಕ್ಕೋರು 30, ತಪ್ಪಿದೋರು 30. ಉಳಿದ 940 ಸುಲಭದವರಲ್ಲಿ 14%, ಅಂದ್ರೆ 130 ಜನಕ್ಕೆ ಸುಮ್ಮನೆ "ಕಷ್ಟ" ಅಂತ ಹಣೆಪಟ್ಟಿ. ಒಟ್ಟು 160 ಜನಕ್ಕೆ ಕಷ್ಟ ಅಂತ ಬರೆದ್ರೆ ನಿಜ ಆಗೋದು 30 ಜನಕ್ಕೆ, ಐದರಲ್ಲಿ ಒಬ್ಬರೂ ಪೂರ್ತಿ ಇಲ್ಲ. ಪರೀಕ್ಷೆ ಕೆಟ್ಟದು ಅನ್ನೋದಕ್ಕಿಂತ ಹುಡುಕ್ತಿರೋ ವಸ್ತುನೇ ಅಪರೂಪ, ಅಪರೂಪದ್ದನ್ನ ಹುಡುಕೋ ಯಾವ ಪರೀಕ್ಷೆಗೂ ಈ ಗತಿ ಇದೆ.

ಆದ್ರೆ ಅದೇ ವಿಶ್ಲೇಷಣೆಲಿ ಇನ್ನೊಂದು ವಿಷಯನೂ ಇತ್ತು. ಮಲ್ಲಂಪಾಟಿ ಜಾಸ್ತಿ ಇದ್ದು ಜೊತೆಗೆ ಗದ್ದ-ಗಂಟಲಿನ ದೂರನೂ ಕಮ್ಮಿ ಇದ್ರೆ, ನಿಜಕ್ಕೂ ಕಷ್ಟ ಆಗೋ ಸಾಧ್ಯತೆ ಮೂರರಲ್ಲಿ ಒಂದರ ಹತ್ತಿರಕ್ಕೆ ಏರತ್ತೆ. ಅಂದ್ರೆ ನೂರಕ್ಕೆ ಆರು ಇದ್ದದ್ದು ಮೂವತ್ತರ ಆಸುಪಾಸಿಗೆ. ಒಂದೊಂದು ಸೂಚನೆಗೆ ಬಿಡಿಯಾಗಿ ಬೆಲೆ ಕಮ್ಮಿ, ಎರಡು ಮೂರು ಒಬ್ಬರಲ್ಲೇ ಕೂಡಿ ಬಂದ್ರೆ ಬೆಲೆ ಬೇರೆ. ಮೇಡಂ ತಾಯಿಯಲ್ಲಿ ಆಗಿರೋದು ಅದೇ. ಅಂದ್ರೆ ಅವರಿಗೆ ಸಲೀಸಾಗಿ ಟ್ಯೂಬ್ ಹೋಗೋ ಸಾಧ್ಯತೆನೇ ಈಗ್ಲೂ ಜಾಸ್ತಿ, ಆದ್ರೆ ಮೂರಕ್ಕೊಂದು ಅನ್ನೋ ಅಪಾಯನ ತಯಾರಿ ಇಲ್ಲದೆ ಎದುರಿಸೋ ಅನಸ್ತೇಷಿಯಾ ಡಾಕ್ಟ್ರು ಯಾರೂ ಇಲ್ಲ.

ಇಲ್ಲಿ ತಪ್ಪಿದ್ರೆ ಎರಡು ಕಡೆ ನಷ್ಟ ಒಂದೇ ಅಲ್ಲ. ಸುಮ್ಮನೆ ಕಷ್ಟ ಅಂತ ಬರೆದಿದ್ದಕ್ಕೆ ಹೋಗೋದು ಇಪ್ಪತ್ತು ನಿಮಿಷ ತಯಾರಿ, ಒಬ್ಬ ಸೀನಿಯರ್‌ನ ಪಕ್ಕ ನಿಲ್ಲಿಸ್ಕೊಳ್ಳೋದು, ಪೇಷೆಂಟ್‌ಗೆ ಒಂದಷ್ಟು ಆತಂಕ. ಕಷ್ಟ ಇರೋರನ್ನ ಗೊತ್ತಿಲ್ಲದೆ ಮಲಗಿಸಿದ್ರೆ ಹೋಗೋದು ಏನು ಅಂತ ಹೇಳಬೇಕಿಲ್ಲ. ಬ್ರಿಟನ್‌ನಲ್ಲಿ 2011ರಲ್ಲಿ ನ್ಯಾಪ್-4 ಅಂತ ದೇಶಪೂರ್ತಿ ಆಡಿಟ್ ವರದಿ ಬಂತಲ್ಲ, ಉಸಿರಿನ ದಾರಿಗೆ ಸಂಬಂಧಿಸಿದ ದೊಡ್ಡ ಅನಾಹುತಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಿದ್ರು. ಮತ್ತೆ ಮತ್ತೆ ಸಿಕ್ಕಿದ್ದು ಇದು: ಪರೀಕ್ಷೆ ಮಾಡಿರ್ಲಿಲ್ಲ, ಇಲ್ಲಾಂದ್ರೆ ಮಾಡಿ ಕಷ್ಟ ಅಂತ ಬರೆದಿದ್ರೂ ಪ್ಲಾನ್ ಬದಲಾಯಿಸಿರ್ಲಿಲ್ಲ. ಎರಡನೇದು ನನಗೆ ಜಾಸ್ತಿ ನೋವು ಕೊಡತ್ತೆ. ಕಂಡಿದ್ದೂ ಕಾಣದ ಹಾಗೆ ನಡೆದುಕೊಳ್ಳೋದು.

ಪೀಜಿಯವರೇ, ವಿಡಿಯೋ ಲ್ಯಾರಿಂಗೋಸ್ಕೋಪ್ ಎಲ್ರಿಗೂ ಸಿಗ್ಲಿ ಅನ್ನೋದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದ್ರೂ ಅದು ಪರೀಕ್ಷೆನ ಬದಲಿಸಲ್ಲ. ಬಾಯಿ ಎರಡು ಸೆಂಟಿಮೀಟರ್ ತೆರೆಯೋರಲ್ಲಿ ಆ ಬ್ಲೇಡೇ ಒಳಗೆ ಹೋಗಲ್ಲ. ಕತ್ತಿಗೆ ರೇಡಿಯೇಷನ್ ಆಗಿರೋರಲ್ಲಿ ಧ್ವನಿತಂತು ಸ್ಕ್ರೀನ್ ಮೇಲೆ ಚೆನ್ನಾಗಿ ಕಂಡ್ರೂ ಟ್ಯೂಬ್ ಆ ಮೂಲೆ ತಿರುಗಲ್ಲ. ಮಾಸ್ಕ್ ಕೂರತ್ತಾ ಇಲ್ವಾ ಅಂತ ವಿಡಿಯೋ ಹೇಳಲ್ಲ. ಗಂಟಲಲ್ಲಿ ಗಡ್ಡೆ ಇದ್ರೆ, ದೊಡ್ಡ ಗಳಗಂಡ ಶ್ವಾಸನಾಳನ ಒತ್ತಿದ್ರೆ, ಸಂಧಿವಾತದಲ್ಲಿ ಕತ್ತಿನ ಮೊದಲೆರಡು ಮೂಳೆ ಸಡಿಲಾಗಿದ್ರೆ, ಅದನ್ನೆಲ್ಲ ಕೇಳಿ ಮುಟ್ಟಿ ಸ್ಕ್ಯಾನ್ ನೋಡಿನೇ ತಿಳೀಬೇಕು.

ಇನ್ನು ತಪ್ಪಿಸಿಕೊಂಡು ಹೋಗೋ ಆ ಅರ್ಧ ಜನ. ಅವರಿಗೋಸ್ಕರನೇ ಪರೀಕ್ಷೆ ಸುಲಭ ಅಂತ ಬಂದ್ರೂ ನಾವು ಪ್ರತಿ ಕೇಸಲ್ಲೂ ಎರಡನೇ ದಾರಿ ಯೋಚಿಸಿಟ್ಟೇ ಔಷಧಿ ಕೊಡಬೇಕು. ಮಲ್ಲಂಪಾಟಿ ಒಂದು ಅನ್ನೋದು ಯಾವ ಗ್ಯಾರಂಟಿನೂ ಅಲ್ಲ.

ಬಿದಿರುಬೆನ್ನು:

ನಾನು ಡಾಕ್ಟ್ರಲ್ಲ, ಪೇಷೆಂಟು. ಅಮ್ಮಂಗೆ ಎಚ್ಚರದಲ್ಲೇ ಟ್ಯೂಬ್ ಹಾಕಬಹುದು ಅಂದಿದ್ದಕ್ಕೆ ಭಯ ಆಗಿದೆ ಅನ್ಸುತ್ತೆ ನಿಮಗೆ, ಅದಕ್ಕೆ ಬರೀತಿದೀನಿ. ನನಗೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇದೆ, ಬೆನ್ನುಮೂಳೆ ಕತ್ತಿನವರೆಗೂ ಒಂದಕ್ಕೊಂದು ಅಂಟಿಕೊಂಡಿದೆ, ತಲೆ ಎತ್ತಿ ಚಾವಣಿ ನೋಡೋಕೆ ಆಗಲ್ಲ. ಸೊಂಟದ ಕೀಲು ಬದಲಾಯಿಸೋ ಆಪರೇಷನ್‌ಗೆ ಹೋದಾಗ ಬೆನ್ನಲ್ಲಿ ಸೂಜಿ ಹೋಗೋ ಜಾಗನೇ ಇಲ್ಲ, ಪೂರ್ತಿ ಅನಸ್ತೇಷಿಯಾನೇ ಕೊಡಬೇಕು, ಕತ್ತು ಹೀಗಿರೋದ್ರಿಂದ ಮೊದಲು ಮಲಗಿಸಿ ಆಮೇಲೆ ಟ್ಯೂಬ್ ಹಾಕೋದು ಬೇಡ ಅಂದ್ರು.

ಹೇಗಾಯ್ತು ಅಂದ್ರೆ, ಮೊದಲು ಬಾಯಿ ಒಣಗೋಕೆ ಒಂದು ಇಂಜೆಕ್ಷನ್, ಆಮೇಲೆ ಮೂಗಿಗೆ ಗಂಟಲಿಗೆ ಮರಗಟ್ಟಿಸೋ ಔಷಧಿ ಸ್ಪ್ರೇ ಮಾಡ್ತಾನೇ ಹೋದ್ರು, ಅದು ಕಹಿ, ನುಂಗೋಕೆ ಆಗ್ತಿಲ್ಲ ಅನ್ನೋ ಹಾಗೆ ಅನ್ಸತ್ತೆ ಆದ್ರೆ ಉಸಿರು ಆರಾಮಾಗಿ ಬರ್ತಿರತ್ತೆ. ಮೂಗಿಗೆ ಆಕ್ಸಿಜನ್ ಇತ್ತು. ಕೈಗೆ ಹಾಕಿದ ಔಷಧಿಲಿ ಅರೆನಿದ್ದೆ ಥರ, ಡಾಕ್ಟ್ರು ಮಾತಾಡಿಸಿದ್ರೆ ತಲೆ ಆಡಿಸ್ತಿದ್ದೆ. ಪೆನ್ಸಿಲ್‌ಗಿಂತ ತೆಳ್ಳಗಿನ ಬಾಗೋ ಕ್ಯಾಮೆರಾ ಮೂಗಲ್ಲಿ ಬಿಟ್ರು, ಒಂದೆರಡು ಸಲ ಕೆಮ್ಮು ಬಂತು, "ದೊಡ್ಡ ಉಸಿರು ತಗೊಳ್ಳಿ" ಅಂದ್ರು, ಟ್ಯೂಬ್ ಹೋಯ್ತು, ಆ ಕ್ಷಣಕ್ಕೆ ನಿದ್ದೆ ಔಷಧಿ ಕೊಟ್ರು. ಹಿತವಾಗಿತ್ತು ಅಂತ ಹೇಳಲ್ಲ, ಆದ್ರೆ ನೋವಿರ್ಲಿಲ್ಲ, ಮುಂದಕ್ಕೆ ಮತ್ತೆ ಬೇಕಂದ್ರೂ ಒಪ್ಕೋತೀನಿ. ನನ್ನ ಉಸಿರು ನಾನೇ ಆಡ್ತಿದ್ದೆ ಅನ್ನೋದೇ ಇದರ ದೊಡ್ಡ ಧೈರ್ಯ.

ಡಿಸ್ಚಾರ್ಜ್ ಟೈಮಲ್ಲಿ ಅವರು ಬೇರೆ ಒಂದು ಪತ್ರ ಕೊಟ್ಟಿದಾರೆ, ಮುಂದೆ ಯಾವ ಆಪರೇಷನ್ ಆದ್ರೂ ಮೊದಲು ಇದನ್ನ ತೋರಿಸಿ ಅಂತ. ಅದರ ಫೋಟೋ ಹೆಂಡ್ತಿ ಫೋನಲ್ಲೂ ಮಕ್ಕಳ ಫೋನಲ್ಲೂ ಇದೆ.

ಓಟಿಟೆಕ್ನಿಷಿಯನ್:

ಬಾಗಿಲ ಆಚೆ ಏನಾಗತ್ತೆ ಅಂತ ಗೊತ್ತಾದ್ರೆ ಅಕ್ಕಂಗೆ ಸ್ವಲ್ಪ ಸಮಾಧಾನ ಆಗಬಹುದು, ನಾನು ಅನಸ್ತೇಷಿಯಾ ಟೆಕ್ನಿಷಿಯನ್, ಅದಕ್ಕೆ ಹೇಳ್ತೀನಿ. ಫೈಲಲ್ಲಿ ಡಿಫಿಕಲ್ಟ್ ಏರ್‌ವೇ ಅಂತ ಇದ್ರೆ ಹಿಂದಿನ ದಿನವೇ ನಮಗೆ ಹೇಳ್ತಾರೆ. ಡಿಫಿಕಲ್ಟ್ ಏರ್‌ವೇ ಟ್ರಾಲಿ ಪೇಷೆಂಟ್ ತಲೆ ಪಕ್ಕಕ್ಕೆ ಬರತ್ತೆ, ಅದರಲ್ಲಿ ವಿಡಿಯೋ ಲ್ಯಾರಿಂಗೋಸ್ಕೋಪ್, ಟ್ಯೂಬ್‌ಗೆ ದಾರಿ ತೋರಿಸೋ ಬೂಜಿ, ಸ್ಟೈಲೆಟ್ ಅನ್ನೋ ಕಡ್ಡಿಗಳು, ಬೇರೆ ಬೇರೆ ಸೈಜಿನ ಟ್ಯೂಬ್, ಗಂಟಲೊಳಗೆ ಕೂರೋ ಎಲ್‌ಎಂಎ ಥರದವು, ಫೈಬರ್‌ಆಪ್ಟಿಕ್ ಸ್ಕೋಪ್, ಕೊನೆಗೆ ಕತ್ತಿನ ಮುಂಭಾಗದಿಂದ ದಾರಿ ಮಾಡೋ ಸ್ಕಾಲ್ಪೆಲ್ ಸೆಟ್, ಎಲ್ಲಾ ಇರತ್ತೆ. ಸಕ್ಷನ್ ಓಡ್ತಿದೆಯಾ, ಸ್ಕೋಪ್ ಲೈಟ್ ಹತ್ತತ್ತಾ, ಬ್ಯಾಟರಿ ಚಾರ್ಜ್ ಇದೆಯಾ, ಕ್ಯಾಪ್ನೋಗ್ರಾಫ್ ಬರ್ತಿದೆಯಾ ಅಂತ ನಾವು ಮೊದಲೇ ನೋಡಿರ್ತೀವಿ, ಯಾಕಂದ್ರೆ ಟ್ಯೂಬ್ ಶ್ವಾಸನಾಳದಲ್ಲೇ ಇದೆ ಅನ್ನೋದಕ್ಕೆ ಕಾರ್ಬನ್ ಡೈಆಕ್ಸೈಡ್ ಗ್ರಾಫೇ ಸಾಕ್ಷಿ.

ದಪ್ಪ ಇರೋರನ್ನ ನಾವು ಚಪ್ಪಟೆ ಮಲಗಿಸಲ್ಲ. ಬೆನ್ನು ಭುಜ ತಲೆ ಕೆಳಗೆ ಏರಿಸುತ್ತಾ ಹೋಗಿ ಕಿವಿಯ ತೂತು ಎದೆಮೂಳೆಯ ಮೇಲ್ತುದಿ ಮಟ್ಟಕ್ಕೆ ಬರೋ ಹಾಗೆ ಇಡ್ತೀವಿ. ಆಮೇಲೆ ಮಾಸ್ಕಲ್ಲಿ ನೂರಕ್ಕೆ ನೂರು ಆಕ್ಸಿಜನ್, ಆರಾಮಾಗಿ ಮೂರು ನಿಮಿಷ ಉಸಿರಾಡಿ ಅಂತೀವಿ. ಈ ಮೂರು ನಿಮಿಷನ ಪೇಷೆಂಟ್‌ಗಳು "ಮಾಸ್ಕ್ ಉಸಿರುಗಟ್ಟತ್ತೆ" ಅಂತ ತಳ್ಳಿಬಿಡ್ತಾರೆ. ಅಮ್ಮಂಗೆ ಮನೇಲೇ ಹೇಳಿಡಿ ಅಕ್ಕ, ಮಾಸ್ಕ್ ತಳ್ಳಬಾರ್ದು ಅಂತ. ಅದು ಟ್ಯಾಂಕ್ ತುಂಬಿಸಿಕೊಳ್ಳೋ ಥರ. ಶ್ವಾಸಕೋಶ ಚೆನ್ನಾಗಿ ತುಂಬಿದ್ರೆ ಆರೋಗ್ಯವಾಗಿರೋ ದೊಡ್ಡವರಿಗೆ ಉಸಿರು ನಿಂತ ಮೇಲೂ ಆಕ್ಸಿಜನ್ ಮಟ್ಟ ಅಪಾಯಕ್ಕೆ ಇಳಿಯೋಕೆ ಸುಮಾರು ಎಂಟು ನಿಮಿಷ ಸಿಗತ್ತೆ, ತುಂಬ ದಪ್ಪ ಇರೋರಿಗೆ ಮೂರು ನಿಮಿಷದ ಆಸುಪಾಸು ಅಂತ ನಮಗೆ ಕಲಿಸಿದಾರೆ, ತುಂಬಿಸದೇ ಇದ್ರೆ ಅಷ್ಟೂ ಇಲ್ಲ.

ಇನ್ನೊಂದು ವಿಷಯ ಬರೀಲಾ ಬೇಡ್ವಾ ಅಂತ ಯೋಚಿಸಿದೆ, ಬರೀತೀನಿ. ನಮ್ಮ ಟೀಮಲ್ಲಿ ಶುರು ಮಾಡೋಕೆ ಮುಂಚೆ ಡಾಕ್ಟ್ರು ಪ್ಲಾನ್ ಎ ಇದು, ಆಗ್ಲಿಲ್ಲ ಅಂದ್ರೆ ಬಿ ಇದು ಅಂತ ಎಲ್ರಿಗೂ ಕೇಳೋ ಹಾಗೆ ಜೋರಾಗಿ ಹೇಳ್ತಾರೆ. ಈ ಅಭ್ಯಾಸದ ಹಿಂದೆ 2005ರಲ್ಲಿ ಇಂಗ್ಲೆಂಡ್‌ನಲ್ಲಿ ನಡೆದ ಒಂದು ಸಾವಿದೆ. ಸೈನಸ್ ಆಪರೇಷನ್‌ಗೆ ಬಂದ ಹೆಂಗಸಿಗೆ ಅನಸ್ತೇಷಿಯಾ ಕೊಟ್ಟ ಮೇಲೆ ಟ್ಯೂಬೂ ಹೋಗ್ಲಿಲ್ಲ ಆಕ್ಸಿಜನ್ನೂ ಹೋಗ್ಲಿಲ್ಲ, ಅನುಭವಿ ಡಾಕ್ಟ್ರುಗಳೇ ಇದ್ರು, ಟ್ಯೂಬ್ ಹಾಕೋ ಪ್ರಯತ್ನದಲ್ಲೇ ಸಮಯ ಹೋಯ್ತು. ನರ್ಸ್ ಒಬ್ಬರು ಕತ್ತಿನಿಂದ ದಾರಿ ಮಾಡೋ ಸೆಟ್ ತಂದಿದ್ರೂ ಅದನ್ನ ಬಳಸ್ಲಿಲ್ಲ. ಆಕೆಯ ಗಂಡ ಮಾರ್ಟಿನ್ ಬ್ರಾಮಿಲಿ ಪೈಲಟ್. ಯಾರನ್ನೂ ದೂರೋದಕ್ಕೆ ಹೋಗದೆ, ವಿಮಾನದಲ್ಲಿ ಇರೋ ಥರದ ತಂಡದ ಶಿಸ್ತು ಓಟಿಗೂ ಬರಬೇಕು ಅಂತ 2007ರಲ್ಲಿ ಒಂದು ಸಂಘಟನೆ ಶುರು ಮಾಡಿದ್ರು. ಅದರಿಂದ ನಮ್ಮಂಥ ಟೆಕ್ನಿಷಿಯನ್ನೂ "ಸರ್, ಮೂರು ಸಲ ಆಯ್ತು" ಅಂತ ಬಾಯಿಬಿಟ್ಟು ಹೇಳೋ ಹಾಗಾಗಿದೆ. 2015ರ ಬ್ರಿಟಿಷ್ ಮಾರ್ಗಸೂಚಿಲೂ ಲ್ಯಾರಿಂಗೋಸ್ಕೋಪ್ ಪ್ರಯತ್ನ ಮೂರು, ಬೇಕಾದ್ರೆ ಇನ್ನೂ ಅನುಭವ ಇರೋರಿಂದ ಒಂದು, ಅಷ್ಟಕ್ಕೇ ನಿಲ್ಲಿಸಿ ಎಲ್‌ಎಂಎಗೆ ಹೋಗಿ ಅಂತಾನೇ ಇದೆ.

ಮಲ್ಲಿಗೆಬಳ್ಳಿ:

ಎಲ್ರೂ ಇಷ್ಟು ಬಿಡಿಸಿ ಬರೆದಿದೀರಿ, ಓದಿ ಅಮ್ಮಂಗೂ ಅರ್ಥ ಆಗೋ ಹಾಗೆ ಹೇಳಿದೆ. ಮಾಸ್ಕ್ ವಿಷಯ ಅಂತೂ ಅವರಿಗೆ ಮನಸ್ಸಿಗೆ ಹತ್ತಿದೆ. ಇನ್ನು ಕೆಲವು ಕೇಳ್ತೀನಿ. ನಮ್ಮಣ್ಣ, ಹಾಗಾದ್ರೆ ಹಳೇ ಥರ ಬೆನ್ನಿಗೇ ಇಂಜೆಕ್ಷನ್ ಕೊಟ್ಟು ಮಾಡ್ಲಿ, ಟ್ಯೂಬೇ ಬೇಡ ಅಂತಿದಾನೆ, ಅದು ಆಗತ್ತಾ? ಸ್ಕ್ಯಾನ್ ಏನಾದ್ರೂ ಮಾಡಿಸಿದ್ರೆ ಸರಿಯಾಗಿ ಗೊತ್ತಾಗತ್ತಾ? ನಾವು ಡಾಕ್ಟ್ರಿಗೆ ಹೇಳದೆ ಬಿಟ್ಟಿರೋದು ಏನಾದ್ರೂ ಇರಬಹುದಾ? ರಾತ್ರಿ ಅಮ್ಮಂಗೆ ಗೊರಕೆ ಮಧ್ಯೆ ಒಂದೊಂದು ಸಲ ಉಸಿರು ನಿಂತ ಹಾಗಾಗಿ ಆಮೇಲೆ ಜೋರಾಗಿ ಎಳ್ಕೊಳ್ತಾರೆ, ಅದನ್ನ ಹೇಳಿಲ್ಲ.

ಪೀಜಿಎರಡನೇವರ್ಷ:

ಮೇಡಂ ಆ ಕೊನೇದನ್ನ ಖಂಡಿತ ಹೇಳಿ, ನಾಳೆನೇ ಫೋನ್ ಮಾಡಿ ಹೇಳಿ. ಅದು ಸ್ಲೀಪ್ ಅಪ್ನಿಯಾ (ನಿದ್ದೇಲಿ ಆಗಾಗ ಉಸಿರು ನಿಲ್ಲೋ ತೊಂದರೆ) ಇರಬಹುದು. ಮಾಸ್ಕ್ ಕಷ್ಟ, ಇಂಟುಬೇಶನ್ ಕಷ್ಟ ಎರಡಕ್ಕೂ ಅದು ಸೂಚನೆ, ಆಪರೇಷನ್ ಆದ ಮೇಲೆ ನೋವಿನ ಔಷಧಿ ಕೊಡುವಾಗಲೂ ಡೋಸ್ ನೋಡ್ಕೊಂಡು ಕೊಡಬೇಕು, ರಾತ್ರಿ ಎಲ್ಲ ಆಕ್ಸಿಜನ್ ಮಟ್ಟ ಗಮನಿಸ್ತಿರಬೇಕು. ಸ್ಟಾಪ್-ಬ್ಯಾಂಗ್ ಅಂತ ಎಂಟು ಪ್ರಶ್ನೆಯ ಪಟ್ಟಿ ಇದೆ, ಅದರಲ್ಲಿ ನಿದ್ದೇಲಿ ಉಸಿರು ನಿಲ್ಲೋದನ್ನ ಪಕ್ಕದವರು ನೋಡಿದಾರಾ ಅನ್ನೋದೂ ಒಂದು. ಪೇಷೆಂಟ್‌ಗೆ ಅದು ಗೊತ್ತೇ ಇರಲ್ಲ, ಮನೆಯವರೇ ಹೇಳಬೇಕು.

ಸರ್, ನಿಮ್ಮ ಲೆಕ್ಕ ಓದಿದೆ. ಎರಡು ಸೂಚನೆ ಕೂಡಿದ್ರೆ ಬೆಲೆ ಬದಲಾಗತ್ತೆ ಅನ್ನೋದು ನನಗೆ ಈಗ ಸರಿಯಾಗಿ ತಲೆಗೆ ಹೋಯ್ತು. ನಾವು ಫಾರ್ಮಲ್ಲಿ ಮಲ್ಲಂಪಾಟಿ ಒಂದೇ ಕಾಲಂ ತುಂಬಿ ಉಳಿದದ್ದು ಖಾಲಿ ಬಿಡೋ ಪದ್ಧತಿ ನಿಲ್ಲಬೇಕು ಅಂತ ನಾಳೆ ನಮ್ಮ ಬ್ಯಾಚಲ್ಲಿ ಮಾತಾಡ್ತೀನಿ. ಅಲ್ಟ್ರಾಸೌಂಡಲ್ಲಿ ಚರ್ಮದಿಂದ ಎಪಿಗ್ಲಾಟಿಸ್‌ಗೆ ಇರೋ ದೂರ ಅಳೆಯೋದ್ರ ಬಗ್ಗೆ ನಿಮ್ಮ ಅಭಿಪ್ರಾಯ ಏನು?

ನಿದ್ದೆಡಾಕ್ಟರ್:

ಅಲ್ಟ್ರಾಸೌಂಡ್ ಬಗ್ಗೆ ಭರವಸೆ ಇದೆ, ಕತ್ತಿನ ಮುಂದಿನ ಮಾಂಸ ದಪ್ಪ ಇದ್ದಷ್ಟೂ ಕಷ್ಟ ಜಾಸ್ತಿ ಅನ್ನೋದು ಅಧ್ಯಯನಗಳಲ್ಲಿ ಕಾಣ್ತಿದೆ, ಆದ್ರೆ ಎಷ್ಟು ಮಿಲಿಮೀಟರ್ ಮೇಲೆ ಅಪಾಯ ಅನ್ನೋ ಗೆರೆ ಒಬ್ಬೊಬ್ಬರ ಅಧ್ಯಯನದಲ್ಲಿ ಒಂದೊಂದು. ನನಗೆ ಅದರ ದೊಡ್ಡ ಉಪಯೋಗ ಕಾಣೋದು ಬೇರೆ ಕಡೆ, ದಪ್ಪ ಕತ್ತಲ್ಲಿ ಕೈಗೆ ಸಿಗದ ಕ್ರೈಕೋಥೈರಾಯ್ಡ್ ಪೊರೆನ (ಕತ್ತಿನ ಮುಂಭಾಗದಿಂದ ದಾರಿ ಮಾಡೋ ಜಾಗ) ಮೊದಲೇ ಹುಡುಕಿ ಚರ್ಮದ ಮೇಲೆ ಪೆನ್ನಲ್ಲಿ ಗುರುತು ಹಾಕಿಟ್ಕೊಳ್ಳೋಕೆ. ಮೇಡಂ, ನಿಮ್ಮ ತಾಯಿಗೆ ಧ್ವನಿ ಬದಲಾಗೋದು, ನುಂಗೋಕೆ ತೊಂದರೆ, ಮಲಗಿದ್ರೆ ಉಸಿರು ಕಟ್ಟೋದು, ಕತ್ತಲ್ಲಿ ಗಡ್ಡೆ, ಇಂಥದ್ದು ಏನೂ ಇಲ್ಲ ಅಂದ್ರೆ ಇದಕ್ಕಾಗಿ ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ಬೇಕಾಗಲ್ಲ. ಇದ್ರೆ ಹೇಳಿ.

ಬೆನ್ನಿನ ಇಂಜೆಕ್ಷನ್ ವಿಷಯ. ಹೊಟ್ಟೆಗೆ ಗ್ಯಾಸ್ ತುಂಬಿ ಮಾಡೋ ಆಪರೇಷನ್‌ಗೆ ಸಾಮಾನ್ಯವಾಗಿ ಪೂರ್ತಿ ಅನಸ್ತೇಷಿಯಾನೇ ಕೊಡೋದು. ಸ್ಪೈನಲ್‌ನಲ್ಲಿ ಮಾಡಿರೋರೂ ಇದ್ದಾರೆ, ಆದ್ರೆ ಮಧ್ಯದಲ್ಲಿ ಅದು ಸಾಲದೆ ಹೋದ್ರೆ, ಇಲ್ಲಾ ಮದ್ದು ಜಾಸ್ತಿ ಮೇಲಕ್ಕೆ ಏರಿ ಉಸಿರು ಕಮ್ಮಿ ಆದ್ರೆ, ಆಗ ಅದೇ ಕಷ್ಟದ ಗಂಟಲಿಗೆ ಅವಸರದಲ್ಲಿ, ಹೊಟ್ಟೆಗೆ ಗ್ಯಾಸ್ ತುಂಬಿರುವಾಗ, ಸರ್ಜನ್ ಬಟ್ಟೆ ಹೊದಿಸಿರೋ ಜಾಗದಲ್ಲಿ ಟ್ಯೂಬ್ ಹಾಕಬೇಕು. ಅದಕ್ಕಿಂತ ಬೆಳಿಗ್ಗೆ ಎಲ್ಲಾ ಸಾಮಾನು ಪಕ್ಕದಲ್ಲಿಟ್ಟುಕೊಂಡು, ಎಲ್ರೂ ರೆಡಿ ಇದ್ದು, ನಿಧಾನವಾಗಿ ಹಾಕೋದು ಎಷ್ಟೋ ಮೇಲು. ಅಣ್ಣಂಗೆ ಹೀಗೇ ಹೇಳಿ, ಆದ್ರೆ ಕೊನೆ ತೀರ್ಮಾನ ನೋಡಿದ ಡಾಕ್ಟ್ರದ್ದು.

ಬಿದಿರುಬೆನ್ನು ಅವರು ಹೇಳಿದ ಬಾಗೋ ಸ್ಕೋಪ್ ವಿಷಯ ಬಂದಿದ್ದಕ್ಕೆ ಒಂದು ಹೇಳ್ತೀನಿ, 1967ರಲ್ಲಿ ಪೀಟರ್ ಮರ್ಫಿ ಅನ್ನೋರು ಮೊದಲ ಸಲ ಇಂಥ ಸ್ಕೋಪಲ್ಲಿ ಮೂಗಿನಿಂದ ಟ್ಯೂಬ್ ಹಾಕಿದಾಗ ಬಳಸಿದ್ದು ಪಿತ್ತನಾಳ ನೋಡೋಕೆ ಅಂತ ಮಾಡಿದ್ದ ಸ್ಕೋಪನ್ನ. ಇವತ್ತು ಅದು ಸಾಕಷ್ಟು ಕಡೆ ಸಿಗತ್ತೆ. ಎಚ್ಚರದಲ್ಲಿ ಹಾಕಬೇಕಾ ವಿಡಿಯೋದಲ್ಲಿ ಸಾಕಾ ಅನ್ನೋದನ್ನ ಅವರು ಮಾಸ್ಕ್ ಎಷ್ಟು ಸುಲಭ ಆಗಬಹುದು, ಹೊಟ್ಟೆ ಖಾಲಿ ಇದೆಯಾ, ಆಕ್ಸಿಜನ್ ಎಷ್ಟು ಹೊತ್ತು ತಡೆಯತ್ತೆ ಇವನ್ನೆಲ್ಲ ನೋಡಿ ಹೇಳ್ತಾರೆ. ಶುಗರ್ ಹಳೇದಾದ್ರೆ ಹೊಟ್ಟೆ ಖಾಲಿ ಆಗೋದು ನಿಧಾನ, ಅದಕ್ಕೆ ಉಪವಾಸದ ಟೈಮ್ ಅವರು ಹೇಳಿದ ಹಾಗೇ ಪಾಲಿಸಿ. ಎದೆಯುರಿ, ಊಟ ಮೇಲೆ ಬರೋದು ಇದ್ರೆ ಅದನ್ನೂ ಹೇಳಿ. ಅಲ್ಲಾಡೋ ಹಲ್ಲು ಯಾವುದು ಅಂತ ಬೆರಳಿಟ್ಟು ತೋರಿಸಿ. ರಕ್ತಸಂಬಂಧಿಗಳಲ್ಲಿ ಯಾರಿಗಾದ್ರೂ ಅನಸ್ತೇಷಿಯಾದಲ್ಲಿ ದೊಡ್ಡ ತೊಂದರೆ ಆಗಿದ್ರೆ ಅದೂ ಬೇಕು.

ಟ್ಯೂಬ್ ತೆಗೆಯುವಾಗಲೂ ಅಷ್ಟೇ ಜಾಗ್ರತೆ ಬೇಕು, ಇಂಥವರಲ್ಲಿ ಪೂರ್ತಿ ಎಚ್ಚರ ಬಂದು, ಸ್ನಾಯುಗಳಿಗೆ ಶಕ್ತಿ ವಾಪಸ್ ಬಂದು, ಹೇಳಿದ ಮಾತು ಕೇಳೋ ಹಾಗಾದ ಮೇಲೇ ತೆಗೀತಾರೆ. ಹಾಗಾಗಿ ಓಟಿಯಿಂದ ಹೊರಗೆ ಬರೋದು ಸ್ವಲ್ಪ ತಡ ಆದ್ರೆ ಹೊರಗೆ ಕೂತಿರೋರು ಗಾಬರಿ ಆಗಬೇಡಿ.

ಎಲ್ಲಾ ಮುಗಿದ ಮೇಲೆ, ಕಷ್ಟ ಆಗ್ಲಿ ಸಲೀಸಾಗ್ಲಿ, ಆ ಡಾಕ್ಟ್ರ ಹತ್ರ ಒಂದು ಚೀಟಿ ಬರೆಸಿಕೊಳ್ಳಿ. ಮಾಸ್ಕಲ್ಲಿ ಆಕ್ಸಿಜನ್ ಕೊ‌ಡೋಕೆ ಆಯ್ತಾ, ಯಾವ ಬ್ಲೇಡ್ ಬಳಸಿದ್ರು, ಧ್ವನಿತಂತು ಎಷ್ಟು ಕಾಣ್ತು ಅಂದ್ರೆ ಕಾರ್ಮಾಕ್-ಲೆಹೇನ್ ಗ್ರೇಡ್ ಒಂದರಿಂದ ನಾಲ್ಕರಲ್ಲಿ ಯಾವುದು, ಎಷ್ಟು ಸಲಕ್ಕೆ ಹೋಯ್ತು, ಯಾವ ಸೈಜ್ ಟ್ಯೂಬ್, ಕೊನೆಗೆ ಕೆಲಸಕ್ಕೆ ಬಂದಿದ್ದು ಯಾವ ಉಪಾಯ, ಇಷ್ಟು ಇದ್ರೆ ಸಾಕು. ನಾವು ಅಳೆಯೋ ಎಲ್ಲಾ ಅಳತೆಗಿಂತ ಹಿಂದಿನ ಸಲ ನಿಜವಾಗಿ ಏನಾಯ್ತು ಅನ್ನೋ ಈ ನಾಲ್ಕು ಸಾಲೇ ಮುಂದಿನ ಡಾಕ್ಟ್ರಿಗೆ ಜಾಸ್ತಿ ಬೇಕಾಗಿರೋದು, ನಿಮ್ಮ ತಾಯಿಗೆ ಅದು ಇದುವರೆಗೆ ಇರ್ಲಿಲ್ಲ. ಡಿಸ್ಚಾರ್ಜ್ ಸಮ್ಮರಿಲಿ ಸರ್ಜನ್ ಬರೆಯೋದ್ರಲ್ಲಿ ಇದು ಬರಲ್ಲ, ಬೇರೆ ಕೇಳೇ ತಗೋಬೇಕು.